ಬಾಯಿ ತೆರೆದ ಕಡಗ

"ಇಕಿ ತಲ್ಯಾಗ ಒಂದ್ ನರಾನೇ ಇಲ್ಲಂತ್ರಿ, ಸಾಹೇಬ್ರೇ. ಖರೇ ಏನ್ರಿ?"

ಹುಮನಾಬಾದಿನಿಂದ ಬೆಳಗಿನ ಬಸ್ಸು ಹಿಡಿದು ಕಲಬುರಗಿಗೆ ಬಂದಿದ್ದ ತಂದೆಯ ಪ್ರಶ್ನೆ ಇದು. ಮಗಳು ಫಿಲ್ಮಿನ ದೊಡ್ಡ ಲಕೋಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಇಪ್ಪತ್ತೆರಡು ವರ್ಷ. ಒಂದು ವರ್ಷದಿಂದ ತಿಂಗಳಿಗೆ ಎರಡು ಮೂರು ಸಲ ಅರ್ಧ ತಲೆನೋವು, ವಾಂತಿ, ಬೆಳಕು ಕಂಡರೆ ಆಗದು. ಒಮ್ಮೆ ನೋಡಿಯೇ ಬಿಡೋಣ ಎಂದು ವೈದ್ಯರು ತಲೆಯ ಎಂಆರ್‌ಐ ಬರೆದುಕೊಟ್ಟಿದ್ದರು. ಜೊತೆಗೆ ರಕ್ತನಾಳಗಳ ಚಿತ್ರವನ್ನೂ, ಅಂದರೆ ಎಂಆರ್ ಆಂಜಿಯೋಗ್ರಾಂ. ಮಿದುಳಿನಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ರಿಪೋರ್ಟಿನ ಕೊನೆಗೆ ನಾನು ಒಂದು ಸಾಲು ಸೇರಿಸಿದ್ದೆ: ಬಲಗಡೆಯ ಎ-ಒನ್ ಹೈಪೊಪ್ಲಾಸ್ಟಿಕ್, ಎಡಗಡೆಯ ಪಿಸಿಎ ಫೀಟಲ್ ಒರಿಜಿನ್. ಊರಲ್ಲಿ ಇಂಗ್ಲಿಷ್ ಬಲ್ಲವರೊಬ್ಬರು ಅದನ್ನು ಓದಿ ತಮಗೆ ತಿಳಿದ ಅರ್ಥ ಹೇಳಿದ್ದರು.

ತಂದೆ ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದರು. "ಲಗ್ನದ ಮಾತು ನಡದದ್ರಿ. ಹುಡುಗನ ಕಡಿಯವರಿಗಿ ಹೇಳಬೇಕೇನ್ರಿ?"

ಆ ಒಂದು ಸಾಲು ಆ ಮನೆಯ ನಾಲ್ಕು ದಿನದ ನಿದ್ದೆ ಕೆಡಿಸಿತ್ತು. ಅದರಲ್ಲಿ ರೋಗದ ಹೆಸರೇ ಇರಲಿಲ್ಲ. ಆದರೆ ನಮ್ಮ ಆಡುಮಾತಿನಲ್ಲಿ 'ನರ' ಎನ್ನುವುದು ಬಹಳ ಅಗಲವಾದ ಮಾತು. ಕುತ್ತಿಗೆ ಉಳುಕಿದರೆ ನರ ಹಿಡಿದಿದೆ ಎನ್ನುತ್ತೇವೆ, ಅದು ಸ್ನಾಯು. ಸಲೈನ್ ಏರಿಸಲು ಬಂದ ಸಿಸ್ಟರ್ ನರ ಸಿಗುತ್ತಿಲ್ಲ ಎನ್ನುತ್ತಾರೆ, ಅದು ರಕ್ತನಾಳ. ಕೈ ನಡುಗಿದರೆ ನರದೌರ್ಬಲ್ಯ, ಅದು ಮಾತ್ರ ನಿಜವಾದ ನರ. ಹುಡುಗಿಯ ತಲೆಯಲ್ಲಿ ಒಂದು ಧಮನಿ, ಅಂದರೆ ಹೃದಯದಿಂದ ರಕ್ತ ತರುವ ಕೊಳವೆ, ಸಣ್ಣದಾಗಿತ್ತು. ಅದು ಮನೆಗೆ ತಲುಪುವ ಹೊತ್ತಿಗೆ 'ನರವೇ ಇಲ್ಲ' ಎಂದಾಗಿತ್ತು.

ಈ ಅಧ್ಯಾಯವನ್ನು ನಾನು ಬರೆಯುತ್ತಿರುವುದು ಆ ತಂದೆಗೆ ಅಂದು ಹತ್ತು ನಿಮಿಷದಲ್ಲಿ ಹೇಳಲಾಗದೆ ಉಳಿದ ಮಾತುಗಳನ್ನು ಹೇಳುವುದಕ್ಕೆ.

*

ಮಿದುಳು ಮೈತೂಕದ ನೂರಕ್ಕೆ 2 ಪಾಲು. ಆದರೆ ಹೃದಯ ಒತ್ತುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲು ಅದಕ್ಕೇ ಬೇಕು. ನಿಮಿಷಕ್ಕೆ ಮುಕ್ಕಾಲು ಲೀಟರ್. ಇಷ್ಟು ರಕ್ತ ಕುತ್ತಿಗೆಯಲ್ಲಿ ನಾಲ್ಕು ದಾರಿ ಹಿಡಿದು ಮೇಲೇರುತ್ತದೆ. ಮುಂದೆ ಎರಡು ಕ್ಯಾರೊಟಿಡ್ ಧಮನಿಗಳು. ಗಂಟಲಮಣಿಯ ಪಕ್ಕ ಎರಡು ಬೆರಳಿಟ್ಟರೆ ಬಡಿಯುವುದು ಅವೇ. ಗ್ರೀಕ್ ಭಾಷೆಯಲ್ಲಿ 'ಕಾರೋಸ್' ಎಂದರೆ ಮಂಪರು. ಇವನ್ನು ಅದುಮಿದರೆ ಮನುಷ್ಯನಿಗೆ ಎಚ್ಚರ ತಪ್ಪುತ್ತದೆ ಎಂದು ಹಳಬರಿಗೆ ಗೊತ್ತಿತ್ತು, ಹೆಸರು ಅಲ್ಲಿಂದಲೇ ಬಂತು. ಹಿಂದೆ ಎರಡು ವರ್ಟಿಬ್ರಲ್ ಧಮನಿಗಳು, ಕುತ್ತಿಗೆಯ ಮೂಳೆಗಳ ತೂತಿನೊಳಗೆ ಹಾದು ಬರುತ್ತವೆ. ತಲೆಬುರುಡೆ ಹೊಕ್ಕ ಮೇಲೆ ಇವೆರಡೂ ಕೂಡಿ ಬೇಸಿಲರ್ ಎಂಬ ಒಂದೇ ಧಮನಿಯಾಗುತ್ತವೆ.

ಮಿದುಳಿನ ತಳದಲ್ಲಿ ಈ ಮುಂದಿನ ದಾರಿ, ಹಿಂದಿನ ದಾರಿ, ಎಡದ ದಾರಿ, ಬಲದ ದಾರಿ ಎಲ್ಲವೂ ಒಂದನ್ನೊಂದು ಮುಟ್ಟುತ್ತವೆ. ಎಡ ಕ್ಯಾರೊಟಿಡ್‌ನಿಂದ ಒಂದು ಕವಲು, ಬಲ ಕ್ಯಾರೊಟಿಡ್‌ನಿಂದ ಒಂದು ಕವಲು ಹಣೆಯ ಕಡೆಗೆ ಸಾಗಿ, ನಡುವೆ ಮೂರು ನಾಲ್ಕು ಮಿಲಿಮೀಟರ್ ಉದ್ದದ ಪುಟ್ಟ ಸೇತುವೆಯಿಂದ ಜೊತೆಯಾಗುತ್ತವೆ. ಈ ಕವಲುಗಳ ಮೊದಲ ತುಂಡಿಗೇ ನಾವು ಎ-ಒನ್ ಎನ್ನುವುದು. ಹಿಂದೆ ಬೇಸಿಲರ್ ಎರಡಾಗಿ ಒಡೆದು ಮಿದುಳಿನ ಹಿಂಭಾಗಕ್ಕೆ ಹೋಗುವ ಎರಡು ಧಮನಿಗಳಾಗುತ್ತದೆ. ಅವು ಪಿಸಿಎ. ಎರಡೂ ಪಕ್ಕಗಳಲ್ಲಿ ಒಂದೊಂದು ತೆಳು ಧಮನಿ ಕ್ಯಾರೊಟಿಡ್‌ಗೂ ಪಿಸಿಎಗೂ ಸಂಬಂಧ ಕೂಡಿಸುತ್ತದೆ. ಕೆಳಗಿನಿಂದ ನೋಡಿದರೆ ಐದು ರೂಪಾಯಿ ನಾಣ್ಯದ ಸುತ್ತಳತೆಯ ಒಂದು ಕಡಗ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್‌ನ ಹೆಸರಿನಲ್ಲಿ ಇದನ್ನು ವಿಲ್ಲಿಸ್ ವೃತ್ತ ಎಂದು ಕರೆಯುತ್ತಾರೆ.

ವಿಲ್ಲಿಸ್ ಇದನ್ನು ಮೊದಲು ಕಂಡವನಲ್ಲ. ಇಟಲಿ, ಜರ್ಮನಿ, ಸ್ವಿಟ್ಜರ್‌ಲ್ಯಾಂಡಿನ ಅಂಗರಚನಾಕಾರರು ಅವನಿಗಿಂತ ಮುಂಚೆಯೇ ತುಂಡು ತುಂಡಾಗಿ ನೋಡಿದ್ದರು, ಬರೆದಿದ್ದರು. ಹಾಗಾದರೆ ಹೆಸರು ಅವನಿಗೇಕೆ ನಿಂತಿತು? ಅವನು 'ಇದು ಏತಕ್ಕೆ' ಎಂದು ಕೇಳಿದ್ದಕ್ಕೆ. 1664ರಲ್ಲಿ ಅವನ ಮಿದುಳಿನ ಪುಸ್ತಕ ಹೊರಬಂತು. ಚಿತ್ರಗಳಲ್ಲಿ ಹಲವನ್ನು ಬರೆದವನು ಕ್ರಿಸ್ಟೋಫರ್ ರೆನ್, ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿದ ವಾಸ್ತುಶಿಲ್ಪಿ. ವಿಲ್ಲಿಸ್ ಮತ್ತು ಅವನ ಜೊತೆಗಾರ ರಿಚರ್ಡ್ ಲೋವರ್ ಒಂದು ಕಡೆಯ ಕ್ಯಾರೊಟಿಡ್‌ಗೆ ಬಣ್ಣದ ದ್ರವ ಚುಚ್ಚಿದರು. ಬಣ್ಣ ಮಿದುಳಿನ ಎರಡೂ ಕಡೆ ಹರಡಿತು.

ಅದೇ ಪುಸ್ತಕದಲ್ಲಿ ಒಬ್ಬ ಮನುಷ್ಯನ ಕಥೆ ಇದೆ. ಆತ ತೀರಿಕೊಂಡದ್ದು ಹೊಟ್ಟೆಯ ಗಡ್ಡೆಯಿಂದ. ಶವ ಪರೀಕ್ಷೆಯಲ್ಲಿ ಅವನ ಬಲ ಕ್ಯಾರೊಟಿಡ್ ತಲೆಬುರುಡೆಯೊಳಗೆ ಕಲ್ಲಿನಂತೆ ಗಟ್ಟಿಯಾಗಿ, ಒಳಗಿನ ಪೊಳ್ಳು ಮುಚ್ಚಿಹೋಗಿತ್ತು. ಇಷ್ಟಾದರೂ ಆತನಿಗೆ ಲಕ್ವಾ ಹೊಡೆದಿರಲಿಲ್ಲ. ವಿಲ್ಲಿಸ್ ಹುಡುಕಿದ. ಅದೇ ಕಡೆಯ ವರ್ಟಿಬ್ರಲ್ ಧಮನಿ ಇನ್ನೊಂದು ಕಡೆಯದಕ್ಕಿಂತ ಮೂರು ಪಟ್ಟು ದಪ್ಪವಾಗಿತ್ತು. ಮುಂದಿನ ಬಾಗಿಲು ಮುಚ್ಚಿದಾಗ ಹಿಂದಿನ ಬಾಗಿಲಿನಿಂದ ರಕ್ತ ಬಂದಿತ್ತು. ಎದೆಬಡಿತವನ್ನು ಕಿವಿಗೊಟ್ಟು ಕೇಳುವ ಕೊಳವೆಯೂ ಹುಟ್ಟದ ಕಾಲದಲ್ಲಿ, ಸತ್ತ ದೇಹದ ಎರಡು ಕೊಳವೆಗಳ ದಪ್ಪ ಹೋಲಿಸಿ, ಬದುಕಿದ್ದಾಗ ಹರಿದ ರಕ್ತದ ದಾರಿಯನ್ನು ಅವನು ಊಹಿಸಿದ. ಎಷ್ಟು ಸಲ ಓದಿದರೂ ನನಗೆ ಈ ಪುಟದ ಬೆರಗು ಹೋಗಿಲ್ಲ.

*

ಹುಮನಾಬಾದಿನವರಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾಗಬೇಕು. ಹೈದರಾಬಾದಿನಿಂದ ಸೋಲಾಪುರ, ಪುಣೆಗೆ ಹೋಗುವ 65ನೇ ಹೆದ್ದಾರಿಯೂ ಬೀದರಿನಿಂದ ಕಲಬುರಗಿಗೆ ಇಳಿಯುವ 50ನೇ ಹೆದ್ದಾರಿಯೂ ಕೂಡುವುದು ನಮ್ಮೂರಲ್ಲಿ. ಬಸವಕಲ್ಯಾಣಕ್ಕೆ ಹೋಗಬೇಕೆಂದರೆ ಹೆದ್ದಾರಿ ಹಿಡಿದು ಸಸ್ತಾಪುರ ಬಂಗ್ಲಾದ ಹತ್ತಿರ ಒಳಕ್ಕೆ ತಿರುಗುತ್ತೇವೆ. ಆ ದಾರಿ ಕಟ್ಟಿದರೆ? ಬೀದರಿನ ಕಡೆಯಿಂದ ಭಾಲ್ಕಿ, ಹುಲಸೂರ ಸುತ್ತಿ ಬಸವಕಲ್ಯಾಣ ಸೇರಬಹುದು. ಸುತ್ತು ಹೆಚ್ಚು, ಆದರೆ ಸೇರುತ್ತೇವೆ. ಸುತ್ತುದಾರಿ ಇದೆಯೋ ಇಲ್ಲವೋ, ಇದ್ದರೂ ಎಷ್ಟು ಅಗಲ ಎಂಬ ಪ್ರಶ್ನೆ ದಿನನಿತ್ಯ ಯಾರಿಗೂ ಏಳುವುದಿಲ್ಲ. ಮುಖ್ಯ ದಾರಿ ಕಟ್ಟಿದ ದಿನ ಏಳುತ್ತದೆ.

ಅಗಲದ ಮಾತು ಬಂದದ್ದರಿಂದ ಒಂದು ಲೆಕ್ಕ. ಕೊಳವೆಯ ಅಗಲ ಅರ್ಧಕ್ಕಿಳಿದರೆ ಹರಿವೂ ಅರ್ಧವಾಗುತ್ತದೆ ಎಂದು ನಮಗೆ ತೋರುತ್ತದೆ. ಹಾಗಾಗದು. ಅದೇ ಒತ್ತಡದಲ್ಲಿ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಎರಡು ಮಿಲಿಮೀಟರಿನ ಸೇತುವೆಗೂ ಒಂದು ಮಿಲಿಮೀಟರಿನ ಸೇತುವೆಗೂ ಚಿತ್ರದಲ್ಲಿ ಕಾಣುವ ವ್ಯತ್ಯಾಸ ಒಂದು ಗೀಟು. ಕಷ್ಟಕಾಲದಲ್ಲಿ ಕಾಣುವ ವ್ಯತ್ಯಾಸ ಬಹಳ ದೊಡ್ಡದು.

ಈಗ ಆ ಹುಡುಗಿಯ ವಿಷಯ. ಪಠ್ಯಪುಸ್ತಕದ ಕಡಗ ಸುತ್ತಲೂ ಒಂದೇ ಸಮ, ಎಲ್ಲೂ ಬಿರುಕಿಲ್ಲ. ಮೊದಲ ವರ್ಷದ ವೈದ್ಯ ವಿದ್ಯಾರ್ಥಿ ಬಿಡಿಸುವುದು ಇದೇ ಚಿತ್ರವನ್ನು, ಅಂಕ ಸಿಗುವುದೂ ಇದಕ್ಕೇ. ಆದರೆ ಇಂಥ ಕಡಗ ಎಷ್ಟು ಜನರ ತಲೆಯಲ್ಲಿದೆ? 1959ರಲ್ಲಿ ಅಮೆರಿಕದ ಬರ್ನಾರ್ಡ್ ಆಲ್ಪರ್ಸ್ ಮತ್ತು ಜೊತೆಗಾರರು ಮಿದುಳಿನ ಕಾಯಿಲೆ ಇಲ್ಲದೆ ತೀರಿಕೊಂಡವರ 350 ಮಿದುಳುಗಳನ್ನು ಒಂದೊಂದಾಗಿ ನೋಡಿದರು. ಪುಸ್ತಕದಂತೆ ಇದ್ದದ್ದು ನೂರಕ್ಕೆ 52. 1998ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 150 ಜನರನ್ನು ಎಂಆರ್ ಆಂಜಿಯೋಗ್ರಾಂನಲ್ಲಿ ನೋಡಿದಾಗ ಪೂರ್ತಿ ಕಡಗ ಸಿಕ್ಕಿದ್ದು ನೂರಕ್ಕೆ 42 ಜನರಲ್ಲಿ. ಅಂದರೆ ನಾವು 'ನಾರ್ಮಲ್' ಎಂದು ಗೋಡೆಗೆ ತೂಗುಹಾಕಿದ ಚಿತ್ರ ಹೆಚ್ಚೆಂದರೆ ಅರ್ಧ ಜನರ ಚಿತ್ರ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಂದು ಮಿದುಳಿನ ಮ್ಯೂಸಿಯಂ ಇದೆ. ನ್ಯೂರೋಪೆಥಾಲಜಿ ವಿಭಾಗದ ಡಾ. ಎಸ್.ಕೆ. ಶಂಕರ್ ಅವರು ವರ್ಷಾನುಗಟ್ಟಲೆ ಶ್ರಮಪಟ್ಟು ಬೆಳೆಸಿದ ಸಂಗ್ರಹ ಅದು. ದಾನವಾಗಿ ಬಂದ ಮಿದುಳುಗಳ ಬ್ಯಾಂಕ್ ಕೂಡ 1995ರಿಂದ ಅಲ್ಲಿ ನಡೆಯುತ್ತಿದೆ. ಶಾಲೆಯ ಮಕ್ಕಳು ಬಂದು ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಬೆಂಗಳೂರಿಗೆ ಹೋದ ನಮ್ಮ ಕಡೆಯ ಮಕ್ಕಳು ಲಾಲ್‌ಬಾಗ್ ನೋಡಿದ ಮೇಲೆ ಇಲ್ಲಿಗೂ ಹೋಗಬೇಕು ಎಂದು ನನ್ನ ಆಸೆ. ಮಿದುಳನ್ನು ಮಗುಚಿ ತಳ ನೋಡಿದರೆ ಈ ಧಮನಿಗಳು ದಾರದ ಹಾಗೆ ಅಂಟಿಕೊಂಡಿರುವುದು ಕಾಣುತ್ತದೆ. ಎಲ್ಲರ ಮುಖದಲ್ಲೂ ಒಂದು ಮೂಗು ಎರಡು ಕಣ್ಣು ಇದ್ದರೂ ಮುಖಗಳು ಬೇರೆ ಬೇರೆ. ತಳದ ಈ ದಾರಗಳೂ ಹಾಗೇ.

'ಅಪೂರ್ಣ ವೃತ್ತ' ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂದು ನಾನು ಬಹಳ ಯೋಚಿಸಿದ್ದೇನೆ. ಬಳೆ ಎಂದು ಶುರುಮಾಡಿದರೆ 'ಒಡೆದ ಬಳೆ' ಎಂದು ಮುಗಿಯುತ್ತದೆ. ಹೆಣ್ಣುಮಗಳೊಬ್ಬಳ ಎದುರು ಬಾಯಿಂದ ಬರಬಾರದ ಮಾತದು. ಆಮೇಲೆ ನಮ್ಮಜ್ಜಿಯ ಬೆಳ್ಳಿ ಕಡಗ ನೆನಪಾಯಿತು. ಅದರ ಎರಡು ತುದಿ ಒಂದನ್ನೊಂದು ಮುಟ್ಟುತ್ತಿರಲಿಲ್ಲ, ನಡುವೆ ಕಿರುಬೆರಳು ತೂರುವಷ್ಟು ಬಾಯಿ. ಕೈಗೆ ಹಾಕಿಕೊಳ್ಳಲು ಅನುಕೂಲವೆಂದು ಅಕ್ಕಸಾಲಿಗ ಮಾಡಿದ್ದೇ ಹಾಗೆ. ಯಾರೂ ಅದನ್ನು ಒಡೆದ ಕಡಗ ಎನ್ನಲಿಲ್ಲ. ಅಂದಿನಿಂದ ರಿಪೋರ್ಟ್ ಕೇಳಲು ಬಂದವರಿಗೆ ನಾನು ಬಾಯಿ ತೆರೆದ ಕಡಗವನ್ನೇ ಬರೆದು ತೋರಿಸುತ್ತೇನೆ.

*

ಈ ಬಾಯಿ ಎಲ್ಲಿಂದ ಬಂತು? ತಾಯಿಯ ಹೊಟ್ಟೆಯಿಂದ.

ನಾಲ್ಕು ವಾರದ ಭ್ರೂಣ ಜೋಳದ ಕಾಳಿನಷ್ಟು, ನಾಲ್ಕೈದು ಮಿಲಿಮೀಟರ್. ಆಗ ಮಿದುಳಿಗೆ ರಕ್ತ ಕೊಡುವ ಯಜಮಾನಿಕೆಯೆಲ್ಲ ಕ್ಯಾರೊಟಿಡ್‌ಗಳದ್ದು. ಹಿಂಭಾಗಕ್ಕೂ ಅವೇ ತಾತ್ಕಾಲಿಕ ಕವಲುಗಳ ಮೂಲಕ ರಕ್ತ ಕಳಿಸುತ್ತವೆ. ಹತ್ತು ದಿನಗಳೊಳಗೆ ಹಿಂದಿನ ದಾರಿ ಸ್ವಂತ ಕಾಲಮೇಲೆ ನಿಲ್ಲುತ್ತದೆ, ತಾತ್ಕಾಲಿಕ ಕವಲುಗಳು ಒಣಗಿಹೋಗುತ್ತವೆ. ಸಾವಿರಕ್ಕೆ ಒಬ್ಬರಿಂದ ಆರು ಜನರಲ್ಲಿ ಇವುಗಳಲ್ಲೊಂದು ಜೀವಮಾನವಿಡೀ ಉಳಿದುಬಿಡುತ್ತದೆ. ಟ್ರೈಜೆಮಿನಲ್ ನರದ ಪಕ್ಕದಲ್ಲಿ ಕ್ಯಾರೊಟಿಡ್‌ನಿಂದ ಬೇಸಿಲರ್‌ಗೆ ನೇರ ಹಾಯ್ದ ಆ ಧಮನಿಯನ್ನು ಮೊದಲ ಸಲ ತೆರೆಯ ಮೇಲೆ ಕಂಡ ದಿನ ನಾನು ಪಕ್ಕದ ಕೋಣೆಯವರನ್ನೆಲ್ಲ ಕರೆದು ತೋರಿಸಿದ್ದೆ.

ಪಿಸಿಎ ಕೂಡ ಮೊದಲು ಕ್ಯಾರೊಟಿಡ್‌ನ ಮಗುವೇ. ಬೆಳೆದಂತೆ ಹೆಚ್ಚಿನವರಲ್ಲಿ ಅದು ಬೇಸಿಲರ್‌ನ ಆಶ್ರಯಕ್ಕೆ ಬರುತ್ತದೆ, ಹಳೆಯ ಸಂಬಂಧ ತೆಳು ಎಳೆಯಾಗಿ ಉಳಿಯುತ್ತದೆ. ಕೆಲವರಲ್ಲಿ ಹಳೆಯ ಸಂಬಂಧವೇ ಗಟ್ಟಿ, ಹೊಸದೇ ತೆಳು. ಇದನ್ನೇ ನಾವು 'ಫೀಟಲ್', ಭ್ರೂಣದ ಬಗೆ, ಎಂದು ಬರೆಯುವುದು. ಹುಡುಗಿಯ ಎಡಗಡೆ ಇದ್ದದ್ದು ಅದು. ಆಕೆಯ ಎ-ಒನ್‌ನ ಕಥೆಯೂ ಬೇರೆಯಲ್ಲ: ಎಡ ಬಲ ಎರಡೂ ಕವಲು ಬೆಳೆಯುವಾಗ ಒಂದರಲ್ಲಿ ಹರಿವು ಹೆಚ್ಚಾಗಿ ಅದು ದಪ್ಪವಾಯಿತು, ಇನ್ನೊಂದು ಕೆಲಸ ಕಡಿಮೆಯಾಗಿ ಸಣ್ಣಗೆ ಉಳಿಯಿತು. ಎಡದ ದಪ್ಪ ಕವಲು ಹಣೆಯ ಹಿಂದಿನ ಪುಟ್ಟ ಸೇತುವೆ ದಾಟಿ ಬಲಕ್ಕೂ ರಕ್ತ ಕೊಡುತ್ತದೆ. ಬಲ ಹಣೆಯ ಮಿದುಳಿಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಕೊರತೆಯಾಗಿಲ್ಲ.

ಭ್ರೂಣದ ಈ ಕಥೆಯನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಟ್ಟವರು ವೈದ್ಯರಲ್ಲ. ಡೊರ್ಕಸ್ ಪ್ಯಾಜೆಟ್ ಎಂಬ ಚಿತ್ರಕಾರ್ತಿ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಿದುಳಿನ ಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ ಅವರ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದವರು. ಬರೆಯುತ್ತ ಬರೆಯುತ್ತ ಈ ಧಮನಿಗಳೇಕೆ ಹೀಗೆ ಎಂಬ ಪ್ರಶ್ನೆ ಅವರನ್ನು ಹಿಡಿಯಿತು. ಕಾರ್ನೆಗಿ ಸಂಸ್ಥೆಯ ಭ್ರೂಣಗಳ ತೆಳು ಸೀಳುಗಳನ್ನು ಸಾಲಾಗಿ ನೋಡಿ 1948ರಲ್ಲಿ ಅವರು ಪ್ರಕಟಿಸಿದ ಚಿತ್ರಗಳನ್ನು ಇವತ್ತಿಗೂ ಪಾಠಕ್ಕೆ ಬಳಸುತ್ತೇವೆ.

*

ಎಂಆರ್‌ಐ ಕೋಣೆಯ ಬಾಗಿಲಲ್ಲಿ ನಮ್ಮ ಸೀಮೆಗೇ ವಿಶೇಷವಾದ ಒಂದು ಗಳಿಗೆ ಬರುತ್ತದೆ. ಕಾಲುಂಗುರ, ಮಂಗಳಸೂತ್ರ, ಕಿವಿಯ ಬೆಂಡೋಲೆ, ಕೂದಲ ಪಿನ್ನು ಬಿಚ್ಚಿಡಿ ಎಂದು ಟೆಕ್ನಿಷಿಯನ್ ಹೇಳುತ್ತಾರೆ. ಎಲ್ಲ ಆದಮೇಲೆ ಬಸವಕಲ್ಯಾಣದ ಕಡೆಯ ಹಿರಿಯರೊಬ್ಬರ ಕೈ ಎದೆಯ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಬೆಳ್ಳಿಯ ಕರಡಿಗೆ, ಒಳಗೆ ಇಷ್ಟಲಿಂಗ. ಮೈಯಿಂದ ಅಗಲಿಸಬಾರದು ಎಂದು ಬಾಲ್ಯದಿಂದ ನಡೆಸಿಕೊಂಡು ಬಂದದ್ದು. ಲೋಹವನ್ನು ಒಳಗೆ ಬಿಡುವಂತಿಲ್ಲ ಎಂಬುದು ನಮ್ಮ ನಿಯಮ. ಅವಸರ ಮಾಡಿ ಗದರಿದರೆ ಆ ಜೀವ ಮುದುಡುತ್ತದೆ, ಮುದುಡಿದ ಮನುಷ್ಯ ಯಂತ್ರದೊಳಗೆ ಅಲುಗಾಡುತ್ತಾನೆ, ಚಿತ್ರ ಕೆಡುತ್ತದೆ. ನಮ್ಮಲ್ಲಿ ಒಂದು ರೂಢಿ ಬೆಳೆದಿದೆ. ಮನೆಯವರೊಬ್ಬರು ಕೈ ತೊಳೆದು ಬಂದು ಕರಡಿಗೆಯನ್ನು ಅಂಗೈಯಲ್ಲಿ ತೆಗೆದುಕೊಂಡು ಬಾಗಿಲ ಹೊರಗೆ ಕೂರುತ್ತಾರೆ. ಕೆಳಗೆ ಇಡುವುದಿಲ್ಲ, ಜೇಬಿಗೆ ಹಾಕುವುದಿಲ್ಲ. ಮುಗಿದು ಹೊರಗೆ ಬಂದ ಕೂಡಲೇ ಮೊದಲ ಕೆಲಸ ಅದನ್ನು ಕೊರಳಿಗೆ ಹಾಕುವುದು. ಇಪ್ಪತ್ತು ನಿಮಿಷ ಆ ಮಗನೋ ಸೊಸೆಯೋ ಅಂಗೈ ಮಡಚಿ ಕೂತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಒಳಗೆ ನಡೆಯುವುದು ಇದು. ನಮ್ಮ ಮೈಯ ನೀರಿನಲ್ಲಿರುವ ಹೈಡ್ರೊಜನ್ ಪರಮಾಣುಗಳ ಬೀಜಗಳು ದೊಡ್ಡ ಅಯಸ್ಕಾಂತದೊಳಗೆ ಒಂದು ಶಿಸ್ತಿಗೆ ಬರುತ್ತವೆ. ರೇಡಿಯೋ ಅಲೆಯ ಒಂದು ಪೆಟ್ಟು ಕೊಟ್ಟರೆ ಅವು ಓಗೊಡುತ್ತವೆ. ರಕ್ತನಾಳ ನೋಡುವಾಗ ಸೆಕೆಂಡಿಗೆ ನಲವತ್ತು ಸಲದಂತೆ ಪೆಟ್ಟಿನ ಮೇಲೆ ಪೆಟ್ಟು ಕೊಡುತ್ತೇವೆ. ಇದ್ದಲ್ಲೇ ಇರುವ ಮಿದುಳಿನ ನೀರು ದಣಿದು ದನಿ ಕಳೆದುಕೊಳ್ಳುತ್ತದೆ, ಚಿತ್ರದಲ್ಲಿ ಕಪ್ಪಾಗುತ್ತದೆ. ಅಷ್ಟರಲ್ಲಿ ಕುತ್ತಿಗೆಯಿಂದ ಹೊಸ ರಕ್ತ ನುಗ್ಗಿ ಬರುತ್ತದೆ. ಅದಕ್ಕೆ ಇನ್ನೂ ಪೆಟ್ಟು ಬಿದ್ದಿಲ್ಲ, ದಣಿವಿಲ್ಲ, ಜೋರಾಗಿ ಓಗೊಡುತ್ತದೆ, ಬೆಳ್ಳಗೆ ಹೊಳೆಯುತ್ತದೆ. ಸೂಜಿಯಿಲ್ಲ, ಔಷಧಿಯಿಲ್ಲ. 1927ರಲ್ಲಿ ಪೋರ್ಚುಗಲ್‌ನ ಏಗಸ್ ಮೊನಿಸ್ ಬದುಕಿರುವ ಮನುಷ್ಯನ ಮಿದುಳಿನ ಧಮನಿಗಳನ್ನು ಮೊದಲ ಬಾರಿ ಎಕ್ಸ್-ರೇಯಲ್ಲಿ ಕಾಣಿಸಲು ಕ್ಯಾರೊಟಿಡ್‌ಗೇ ಔಷಧಿ ಚುಚ್ಚಬೇಕಾಗಿತ್ತು. ಈಗ ಐದಾರು ನಿಮಿಷ ಅಲುಗಾಡದೆ ಮಲಗಿದರೆ ಆಯಿತು.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು, ಓದುಗರಿಗಿಂತ ಹೆಚ್ಚಾಗಿ ನಮ್ಮಂಥವರಿಗೆ. ಅಮಾವಾಸ್ಯೆಯ ರಾತ್ರಿ ಎತ್ತರದ ದಿಬ್ಬದ ಮೇಲೆ ನಿಂತು ಹೆದ್ದಾರಿಯ ಕಡೆ ನೋಡಿ. ಲಾರಿಗಳ ದೀಪಗಳ ಸಾಲು ಕಾಣುತ್ತದೆ, ಅದರಿಂದಲೇ ಅಲ್ಲೊಂದು ರಸ್ತೆಯಿದೆ ಎಂದು ತಿಳಿಯುತ್ತದೆ. ನೀವು ಕಂಡದ್ದು ರಸ್ತೆಯನ್ನಲ್ಲ, ಸಂಚಾರವನ್ನು. ಅದೇ ಹೊತ್ತಿನಲ್ಲಿ ಪಕ್ಕದ ಹೊಲದ ದಾರಿಯಲ್ಲಿ ದೀಪವಿಲ್ಲದ ಎತ್ತಿನ ಗಾಡಿ ನಿಧಾನ ಸಾಗುತ್ತಿದ್ದರೆ ನಿಮಗೆ ಅಲ್ಲಿ ದಾರಿಯೇ ಇಲ್ಲ. ಎಂಆರ್ ಆಂಜಿಯೋಗ್ರಾಂ ಹೀಗೆಯೇ. ತೆಳು ಧಮನಿಯಲ್ಲಿ ರಕ್ತ ನಿಧಾನವಾಗಿ ಹರಿದರೆ ಅದೂ ದಣಿದು ಕಪ್ಪಾಗುತ್ತದೆ. ಕಂಪ್ಯೂಟರು ಎಲ್ಲ ಸೀಳುಗಳನ್ನು ಕೂಡಿಸಿ ಸುತ್ತ ತಿರುಗಿಸಿ ತೋರಿಸುವ ಚೆಂದದ ಚಿತ್ರ ಅತಿ ಹೊಳೆಯುವ ಚುಕ್ಕೆಗಳನ್ನಷ್ಟೇ ಇಟ್ಟುಕೊಳ್ಳುವುದರಿಂದ ಉಳಿದ ಎಳೆಗಳೂ ಮಾಯ. ಶವದಲ್ಲಿ 52 ಇದ್ದದ್ದು ಎಂಆರ್‌ಐಯಲ್ಲಿ 42ಕ್ಕೆ ಇಳಿದಿದ್ದಕ್ಕೆ ಒಂದು ಕಾರಣ ಇದೂ ಇರಬೇಕು. ಆದ್ದರಿಂದ 'ಇಲ್ಲ' ಎಂದು ಬರೆಯುವ ಮೊದಲು ಮೂಲ ಸೀಳುಗಳಿಗೆ ಮರಳಿ ಒಂದೊಂದಾಗಿ ಇಳಿಯಬೇಕು. ಅಲ್ಲೂ ಕಾಣದಿದ್ದರೆ 'ಕಾಣುತ್ತಿಲ್ಲ' ಎಂದು ಬರೆಯಬೇಕು. ಇಲ್ಲ ಎಂಬುದಕ್ಕೂ ಕಾಣುತ್ತಿಲ್ಲ ಎಂಬುದಕ್ಕೂ ಇರುವ ಅಂತರದಲ್ಲಿ ಒಂದು ಮದುವೆಯ ಮಾತು ನಿಂತಿರುತ್ತದೆ.

*

ಹಾಗಾದರೆ ಇದನ್ನು ಬರೆಯುವುದೇ ಬೇಡವಲ್ಲ ಎಂದು ಕೇಳಬಹುದು. ಬೇಕು. ನಾಲ್ಕು ಸಂದರ್ಭಗಳಾದರೂ ನನಗೆ ತಕ್ಷಣ ನೆನಪಿಗೆ ಬರುತ್ತವೆ.

ಎ-ಒನ್ ಒಂದೇ ಕಡೆ ದಪ್ಪಗಿದ್ದರೆ ಆ ಪುಟ್ಟ ಸೇತುವೆಯ ಮೇಲೆ ಹರಿವಿನ ಒತ್ತು ಹೆಚ್ಚು. ಧಮನಿಯ ಗೋಡೆ ಗುಳ್ಳೆಯಂತೆ ಉಬ್ಬುವ ಅನ್ಯೂರಿಸಂ ಅಲ್ಲಿ ಏಳುವ ಸಂಭವ ಇಂಥವರಲ್ಲಿ ಉಳಿದವರಿಗಿಂತ ಹೆಚ್ಚು. ಹುಡುಗಿಯ ಚಿತ್ರದಲ್ಲಿ ಆ ಕೂಡುಜಾಗವನ್ನು ನಾನು ಎರಡು ಸಲ ಹಿಗ್ಗಿಸಿ ನೋಡಿದ್ದೆ. ಗುಳ್ಳೆ ಇರಲಿಲ್ಲ.

ಕುತ್ತಿಗೆಯ ಕ್ಯಾರೊಟಿಡ್ ಕೊಬ್ಬುಗಟ್ಟಿ ಅದನ್ನು ತೆರೆದು ಸ್ವಚ್ಛಗೊಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಕೆಲವು ನಿಮಿಷ ಧಮನಿಯನ್ನು ಬಿಗಿದು ನಿಲ್ಲಿಸುತ್ತಾರೆ. ಅಷ್ಟು ಹೊತ್ತು ಮಿದುಳನ್ನು ಸಾಕುವುದು ಕಡಗದ ಉಳಿದ ಭಾಗ. ಅದರ ಬಾಯಿ ಎಲ್ಲಿದೆ ಎಂದು ಸರ್ಜನ್‌ಗೆ ಮೊದಲೇ ತಿಳಿದಿರಬೇಕು. ಇನ್ನು ಫೀಟಲ್ ಬಗೆಯವರಲ್ಲಿ ಕ್ಯಾರೊಟಿಡ್‌ನಿಂದ ಎದ್ದ ಹೆಪ್ಪು ಮಿದುಳಿನ ಹಿಂಭಾಗಕ್ಕೂ ಹೋಗಿ ಅರ್ಧ ನೋಟವನ್ನು ಕಸಿಯಬಹುದು. ಇದು ಗೊತ್ತಿಲ್ಲದಿದ್ದರೆ ವೈದ್ಯರು ತಪ್ಪು ಧಮನಿಯಲ್ಲಿ ಮೂಲ ಹುಡುಕುತ್ತ ಕೂರುತ್ತಾರೆ.

ನಾಲ್ಕನೆಯದು ಒಬ್ಬ ಮನುಷ್ಯನ ರೂಪದಲ್ಲಿ ನೆನಪಿದೆ. ಶ್ರಾವಣ ಮಾಸ. ಬಸವಕಲ್ಯಾಣ ತಾಲ್ಲೂಕಿನ ರೈತ, ಅರವತ್ತರ ಮೇಲೆ. ಸೋಮವಾರದ ಉಪವಾಸ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಕರೆದರೆ ಹೂಂ ಎನ್ನುತ್ತಾರೆ, ಮತ್ತೆ ನಿದ್ದೆ. ಕೈಕಾಲು ಎರಡೂ ಕಡೆ ಆಡುತ್ತಿವೆ, ಬಾಯಿ ಸೊಟ್ಟಗಾಗಿಲ್ಲ. ಉಪವಾಸದ ಸುಸ್ತು ಎಂದು ಮನೆಯವರು ಸಂಜೆಯವರೆಗೆ ಕಾದರು. ಅವರದು ತಪ್ಪೆಂದು ಹೇಳಲಾರೆ. ಲಕ್ವಾ ಎಂದರೆ ಒಂದು ಪಕ್ಕ ಬೀಳಬೇಕೆಂದೇ ನಾವೆಲ್ಲ ನಂಬಿದ್ದೇವೆ. ಎಂಆರ್‌ಐಯಲ್ಲಿ ಮಿದುಳಿನ ನಡುಮನೆಯಾದ ಥ್ಯಾಲಮಸ್‌ನ ಎಡಕ್ಕೊಂದು ಬಲಕ್ಕೊಂದು ಸರಿಸಮನಾದ ಬಿಳಿ ಚುಕ್ಕೆ. ಸಾಮಾನ್ಯವಾಗಿ ಎಡ ಥ್ಯಾಲಮಸ್‌ಗೆ ಎಡದಿಂದ, ಬಲಕ್ಕೆ ಬಲದಿಂದ ಸಣ್ಣ ಕವಲು ಹೋಗುತ್ತವೆ. ಕೆಲವರಲ್ಲಿ ಮಾತ್ರ ಒಂದೇ ಕಾಂಡ ಎದ್ದು ಎರಡಕ್ಕೂ ಹಂಚುತ್ತದೆ. ಫ್ರಾನ್ಸಿನ ಜೆರಾರ್ ಪರ್ಶೆರೋನ್ 1973ರಲ್ಲಿ ವಿವರಿಸಿದ ಈ ಕಾಂಡ ಕೂದಲೆಳೆಯಷ್ಟು, ಆಂಜಿಯೋಗ್ರಾಂನಲ್ಲಿ ಕಾಣುವುದೇ ಅಪರೂಪ. ಅದು ಮುಚ್ಚಿದಾಗ ಎರಡೂ ಕಡೆ ಒಟ್ಟಿಗೆ ಸಾಯುವುದರಿಂದಲೇ ಹೆಚ್ಚಾಗಿ ಅದು ಅಲ್ಲಿತ್ತು ಎಂದು ಗೊತ್ತಾಗುತ್ತದೆ. ಎಚ್ಚರವನ್ನು ಕಾಯುವ ಜಾಗವಾದ್ದರಿಂದ ಮನುಷ್ಯ ಬೀಳುವುದಿಲ್ಲ, ನಿದ್ದೆ ಹೋಗುತ್ತಾನೆ. ಎಬ್ಬಿಸಿದರೂ ಏಳದ ನಿದ್ದೆ ಕಂಡರೆ ಆಸ್ಪತ್ರೆಗೆ ಓಡಿ ಎಂದು ಅಂದಿನಿಂದ ಹೋದಲ್ಲೆಲ್ಲ ಹೇಳುತ್ತಿದ್ದೇನೆ.

ಓಡುವ ಮಾತು ನಮ್ಮ ಜಿಲ್ಲೆಯಲ್ಲಿ ಸುಲಭವಲ್ಲ. ಬಸವಕಲ್ಯಾಣದಿಂದ ಹೊರಟ ಆಂಬ್ಯುಲೆನ್ಸ್ ಹುಮನಾಬಾದ್ ದಾಟಿ, ಕಮಲಾಪುರ ದಾಟಿ ಕಲಬುರಗಿ ಮುಟ್ಟುವ ಹೊತ್ತಿಗೆ ಎರಡು ಗಂಟೆಯ ಹತ್ತಿರ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಕಾಲ ನಾಲ್ಕೂವರೆ ಗಂಟೆ. ಪಾರಿವಾಳದ ರಕ್ತ ಹಚ್ಚಿಸಲು, ಎಣ್ಣೆ ತಿಕ್ಕಿಸಲು ಕಳೆದ ಗಂಟೆಗಳೂ ಇದರೊಳಗೇ. ದೊಡ್ಡ ಧಮನಿಯೊಂದು ಮುಚ್ಚಿದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಅಮೆರಿಕದ ಜೆಫ್ರಿ ಸೇವರ್ ಲೆಕ್ಕ ಹಾಕಿದರು. ಸರಾಸರಿ ಎಂಬ ಮಾತನ್ನು ಗಮನಿಸಬೇಕು. ಅದೇ ಧಮನಿ ಮುಚ್ಚಿ, ಅದೇ ರಸ್ತೆಯಲ್ಲಿ, ಅಷ್ಟೇ ಹೊತ್ತಿಗೆ ಬಂದ ಇಬ್ಬರಲ್ಲಿ ಒಬ್ಬರ ಮಿದುಳು ಅರ್ಧ ಹೋಗಿರುತ್ತದೆ, ಇನ್ನೊಬ್ಬರದು ಬಹುಪಾಲು ಉಳಿದಿರುತ್ತದೆ. ಸುತ್ತುದಾರಿಗಳ ಭಾಗ್ಯ ಅದು. ಅಡ್ಡಿ ಕುತ್ತಿಗೆಯಲ್ಲಿದ್ದರೆ ವಿಲ್ಲಿಸ್‌ನ ಕಡಗ ಕಾಯುತ್ತದೆ. ಅಡ್ಡಿ ಕಡಗವನ್ನೂ ದಾಟಿ ಮೇಲಿದ್ದರೆ ಕಡಗ ಏನೂ ಮಾಡಲಾರದು. ಆಗ ಮಿದುಳಿನ ಮೇಲ್ಮೈಯಲ್ಲಿ ಒಂದು ಧಮನಿಯ ತುದಿ ಇನ್ನೊಂದರ ತುದಿ ಮುಟ್ಟುವ ಎಳೆಗಳೇ ಗತಿ. ಅವೂ ಒಬ್ಬೊಬ್ಬರಲ್ಲಿ ಒಂದೊಂದು ತರ. ತೊಡೆಯಿಂದ ತಂತಿ ಏರಿಸಿ ಹೆಪ್ಪು ತೆಗೆಯುವ ಚಿಕಿತ್ಸೆಯನ್ನು ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಮಾಡಬಹುದು ಎಂದು 2018ರಲ್ಲಿ ಪ್ರಕಟವಾದ ಡಾನ್ ಅಧ್ಯಯನ ತೋರಿಸಿದ್ದು ಇದೇ ಕಾರಣಕ್ಕೆ: ಗಡಿಯಾರದ ಜೊತೆ ಸ್ಕ್ಯಾನನ್ನೂ ನೋಡಬೇಕು, ಉಳಿದ ಮಿದುಳು ಎಷ್ಟೆಂದು ಕೇಳಬೇಕು. ಆದರೆ ತನ್ನ ಸುತ್ತುದಾರಿ ಹೇಗಿದೆಯೆಂದು ಹೊರಡುವಾಗ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲರೂ ಮೊದಲ ನಿಮಿಷವೇ ಹೊರಡಬೇಕು.

*

ಅಂದು ಲಕೋಟೆಯ ಹಿಂಬದಿಯಲ್ಲಿ ಕಡಗದ ಚಿತ್ರ ಬರೆದು ತಂದೆಗೆ ಇಷ್ಟರಲ್ಲಿ ಅರ್ಧದಷ್ಟನ್ನು ಹೇಳಿದೆ. ತಲೆನೋವಿಗೆ ಈ ಧಮನಿಯೇ ಕಾರಣ ಎನ್ನಲು ನನಗೆ ಆಧಾರ ಕಾಣುವುದಿಲ್ಲ, ಅದರ ಔಷಧಿಯನ್ನು ನಿಮ್ಮ ಡಾಕ್ಟರು ಹೇಳಿದಂತೆ ತಗೊಳ್ಳಲಿ ಎಂದೆ. ಹುಡುಗನ ಕಡೆಯವರಿಗೆ ಹೇಳುವ ರೋಗ ಇದರಲ್ಲಿ ಯಾವುದೂ ಇಲ್ಲ ಎಂದೆ. "ಆ ಹುಡುಗನ ತಲಿ ಫೋಟೋ ತೆಗೆದರ ಅದೂ ಹಿಂಗೇ ಇರಬಹುದು, ಕಾಕಾ. ಇಬ್ಬರಾಗ ಒಬ್ಬರದು ಇರ್ತದ." ಮುಂದೆ ಯಾವತ್ತಾದರೂ ತಲೆಯ ಸ್ಕ್ಯಾನ್ ಆದರೆ ಈ ಹಳೆಯ ಫಿಲ್ಮನ್ನೂ ಒಯ್ಯಿರಿ, ಇದು ಹುಟ್ಟಿನಿಂದ ಇದ್ದದ್ದು ಎಂದು ಅವರಿಗೆ ತಿಳಿಯುತ್ತದೆ ಎಂದೆ. ಅವರು ಚಿತ್ರವನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

ಹೊರಟವರಲ್ಲಿ ಮಗಳು ಬಾಗಿಲಿನಿಂದ ತಿರುಗಿ ಬಂದಳು. "ನಾ ಒಮ್ಮೆ ನೋಡಬಹುದೇನ್ರಿ?"

ತೆರೆಯ ಮೇಲೆ ಅವಳ ಧಮನಿಗಳನ್ನು ತೆರೆದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಬೇರುಗಳು, ಮೌಸ್ ಎಳೆದಂತೆ ಸುತ್ತ ತಿರುಗುತ್ತಿದ್ದವು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎಡಗಡೆಯಿಂದ ಎದ್ದು ನಡುವೆ ಬಾಗಿ ಬಲಕ್ಕೆ ದಾಟಿದ ದಪ್ಪ ಗೆರೆಯ ಗುಂಟ, ಗಾಜಿಗೆ ತಾಗದಂತೆ, ಬೆರಳು ಆಡಿಸಿದಳು. "ಇದೇ ಏನ್ರಿ, ಎರಡೂ ಕಡಿ ಕೊಡೋದು?"

ಹೌದು ಎಂದೆ. ಇನ್ನೊಂದು ಸುತ್ತು ತಿರುಗಿಸಿ ಎಂದಳು.